ಸ್ತ್ರೀರೋಗ ಮತ್ತು ಹೆರಿಗೆಯ ಸಂಶೋಧನೆ: ದಾವಣಗೆರೆ, ಚಿತ್ರದುರ್ಗದ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಹೊರರೋಗಿ ವಿಭಾಗದಲ್ಲಿ, ಆಶಾ ಕಾರ್ಯಕರ್ತೆಯರ ಸಭೆಗಳಲ್ಲಿ, ಪತ್ರಗಳಲ್ಲಿ ಮತ್ತೆ ಮತ್ತೆ ಎದುರಾದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲಿಯೇ ಇಲ್ಲಿ ಇಟ್ಟು, ಒಂದೊಂದಕ್ಕೂ ಬೇರೆಯಾಗಿ ಓದಿಕೊಳ್ಳಬಹುದಾದ ಉತ್ತರವನ್ನು ಬರೆಯಲಾಗಿದೆ. ನಿಮ್ಮ ದೇಹದ ಸ್ಥಿತಿಯನ್ನು ಕಂಡಿರುವ ವೈದ್ಯರ ಸಲಹೆಯ ಸ್ಥಾನದಲ್ಲಿ ಇವುಗಳನ್ನು ಇಟ್ಟುಕೊಳ್ಳಬಾರದು.

### ಮೊದಲ ಪ್ರಶ್ನೆಗಳು

“ಹೆರಿಗೆ ವಾರ್ಡಿನಾಗೆ ‘ಸ್ಟಡಿಗೆ ಸೇರ್ತೀರಾ’ ಅಂತ ಕೇಳಿದ್ರು. ಇದು ಚಿಕಿತ್ಸೆನೋ, ನಮ್ಮ ಮೇಲೆ ಪ್ರಯೋಗನೋ?”

ದಾವಣಗೆರೆಯಲ್ಲಿ 1965ರಿಂದ ಜೆ.ಜೆ.ಎಂ. ವೈದ್ಯಕೀಯ ಕಾಲೇಜು ಇದೆ, ಅದರ ನಂತರ ಎಸ್.ಎಸ್. ವೈದ್ಯಕೀಯ ವಿಜ್ಞಾನ ಸಂಸ್ಥೆ ಬಂದಿತು. ಚಿತ್ರದುರ್ಗದಲ್ಲಿ ಬಸವೇಶ್ವರ ವೈದ್ಯಕೀಯ ಕಾಲೇಜು ಇದೆ. ಬೋಧನಾ ಆಸ್ಪತ್ರೆಗಳಲ್ಲಿ ಪ್ರಸೂತಿ ಮತ್ತು ಸ್ತ್ರೀರೋಗ ವಿಷಯದಲ್ಲಿ ಸ್ನಾತಕೋತ್ತರ ಪದವಿ ಓದುವ ಪ್ರತಿಯೊಬ್ಬ ವೈದ್ಯರೂ ಮೂರು ವರ್ಷದೊಳಗೆ ಒಂದು ಸಂಶೋಧನಾ ಪ್ರಬಂಧವನ್ನು ವಿಶ್ವವಿದ್ಯಾಲಯಕ್ಕೆ ಒಪ್ಪಿಸಬೇಕಾಗುತ್ತದೆ. ಕಡತ ಹಿಡಿದು ನಿಮ್ಮ ಹಾಸಿಗೆಯ ಬಳಿಗೆ ಬರುವವರು ಸಾಮಾನ್ಯವಾಗಿ ಈ ಪಿಜಿ ವೈದ್ಯರೇ.

ಅವರು ಮಾಡುವ ಅಧ್ಯಯನಗಳಲ್ಲಿ ಬಹುಪಾಲು ವೀಕ್ಷಣೆಯವು. ನಿಮಗೆ ಹೇಗಿದ್ದರೂ ಸಿಗುತ್ತಿದ್ದ ಚಿಕಿತ್ಸೆಯೇ ಸಿಗುತ್ತದೆ. ನಿಮ್ಮ ರಕ್ತದೊತ್ತಡ, ಹಿಮೋಗ್ಲೋಬಿನ್, ಸ್ಕ್ಯಾನಿಂಗ್ ವರದಿ, ಮಗುವಿನ ತೂಕ ಮುಂತಾದವನ್ನು ಬರೆದುಕೊಂಡು ಇತರರ ವಿವರಗಳ ಜೊತೆ ಹೋಲಿಸುತ್ತಾರೆ. ಇನ್ನೊಂದು ಬಗೆಯ ಅಧ್ಯಯನದಲ್ಲಿ ಮಾತ್ರ ಯಾರಿಗೆ ಯಾವ ಔಷಧಿ ಅಥವಾ ಯಾವ ವಿಧಾನ ಎಂಬುದನ್ನು ಅಧ್ಯಯನವೇ ತೀರ್ಮಾನಿಸುತ್ತದೆ. ಕ್ಲಿನಿಕಲ್ ಟ್ರಯಲ್ ಎಂದು ಕರೆಯುವುದು ಇದನ್ನೇ. ಎರಡರಲ್ಲಿ ಯಾವುದು ಎಂದು ತಿಳಿಯಲು ಒಂದೇ ಪ್ರಶ್ನೆ ಸಾಕು: “ನಾನು ಸೇರದೆ ಹೋದರೆ ನನಗೆ ಕೊಡುವ ಚಿಕಿತ್ಸೆಯಲ್ಲಿ ಏನು ಬದಲಾಗುತ್ತದೆ?” ಚಿಕಿತ್ಸೆಯ ಉದ್ದೇಶ ನಿಮ್ಮ ಗುಣ, ಸಂಶೋಧನೆಯ ಉದ್ದೇಶ ಮುಂದೆ ಬರುವವರಿಗೆ ಉಪಯೋಗವಾಗುವ ತಿಳಿವಳಿಕೆ. ಎರಡೂ ಒಟ್ಟಿಗೆ ನಡೆಯಬಹುದಾದರೂ ಎರಡೂ ಒಂದೇ ಎಂಬಂತೆ ಯಾರಾದರೂ ಮಾತನಾಡಿದರೆ ಸಹಿ ಹಾಕುವ ಮುನ್ನ ಇನ್ನಷ್ಟು ಕೇಳಬೇಕು.

“ಒಲ್ಲೆ ಅಂದ್ರೆ ಬೆಡ್ ಕೊಡಲ್ವಾ?”

ಕೊಡಲೇಬೇಕು. ನಿರಾಕರಿಸಿದ ಕಾರಣಕ್ಕೆ ಹಾಸಿಗೆ, ಔಷಧಿ, ಶಸ್ತ್ರಚಿಕಿತ್ಸೆಯ ಸರದಿ ಇವುಗಳಲ್ಲಿ ಯಾವುದೂ ಬದಲಾಗುವಂತಿಲ್ಲ. ಒಮ್ಮೆ ಒಪ್ಪಿದವರು ನಡುವೆ ಯಾವಾಗ ಬೇಕಾದರೂ, ಕಾರಣ ಹೇಳದೆಯೂ, ಹೊರಬರಬಹುದು.

“ಬಸುರಿ ಹೆಂಗಸರ ಮೇಲೆ ಔಷಧಿ ಪರೀಕ್ಷೆ ಮಾಡೋದು ತಪ್ಪಲ್ವಾ?”

ಈ ಅಳುಕು ಸಹಜವಾದದ್ದು, ಅದಕ್ಕೆ ಇತಿಹಾಸದ ಆಧಾರವೂ ಇದೆ. 1950ರ ದಶಕದ ಕೊನೆಯಲ್ಲಿ ಬಸುರಿಯರ ವಾಕರಿಕೆಗೆ ಕೊಟ್ಟ ಥಾಲಿಡೊಮೈಡ್ ಮಾತ್ರೆಯಿಂದ ಹಲವು ದೇಶಗಳಲ್ಲಿ ಸಾವಿರಾರು ಮಕ್ಕಳು ಕೈಕಾಲುಗಳ ಊನದೊಂದಿಗೆ ಹುಟ್ಟಿದವು. ಆದರೆ ಆ ಮಾತ್ರೆ ಬಸುರಿಯರಲ್ಲಿ ಸರಿಯಾದ ಪರೀಕ್ಷೆಯಾಗದೆ ಮಾರುಕಟ್ಟೆಗೆ ಬಂದಿತ್ತು ಎಂಬುದನ್ನು ಮರೆಯಬಾರದು. ಅದಾದ ಮೇಲೆ ಭಯದಿಂದ ಇನ್ನೊಂದು ತುದಿಗೆ ಹೋಗಲಾಯಿತು. ಅಮೆರಿಕದ ಔಷಧ ನಿಯಂತ್ರಣ ಇಲಾಖೆ 1977ರಲ್ಲಿ ಗರ್ಭ ಧರಿಸುವ ಸಾಧ್ಯತೆಯಿರುವ ಹೆಂಗಸರನ್ನು ಹೊಸ ಔಷಧಿಗಳ ಆರಂಭಿಕ ಪರೀಕ್ಷೆಗಳಿಂದ ಹೊರಗಿಡುವಂತೆ ಸೂಚಿಸಿತು, 1993ರಲ್ಲಿ ಆ ಸೂಚನೆಯನ್ನು ಹಿಂತೆಗೆದುಕೊಂಡಿತು. ನಡುವಿನ ವರ್ಷಗಳಲ್ಲಿ ಗಂಡಸರ ಮೇಲೆ ಪರೀಕ್ಷೆಯಾದ ಪ್ರಮಾಣವನ್ನೇ ಹೆಂಗಸರಿಗೂ ಬರೆಯುವುದು ನಡೆದುಹೋಯಿತು.

ಪರೀಕ್ಷೆ ನಡೆದಾಗ ಆಗುವುದೇನು ಎಂಬುದಕ್ಕೆ ಉದಾಹರಣೆ ಹೆರಿಗೆ ವಾರ್ಡಿನಲ್ಲಿಯೇ ಇದೆ. ಬಿ.ಪಿ. ಏರಿ ಫಿಟ್ಸ್ ಬರುವ ಅಪಾಯದಲ್ಲಿರುವ ಬಸುರಿಗೆ ಮೆಗ್ನೀಸಿಯಂ ಸಲ್ಫೇಟ್ ಕೊಡುವುದು ಸರಿಯೇ ಎಂಬ ವಿವಾದ ದಶಕಗಳ ಕಾಲ ಇತ್ತು. 33 ದೇಶಗಳ ಸುಮಾರು 10,000 ಹೆಂಗಸರನ್ನು ಒಳಗೊಂಡು 2002ರಲ್ಲಿ ಪ್ರಕಟವಾದ ಮ್ಯಾಗ್‌ಪೈ ಅಧ್ಯಯನವು ಈ ಚುಚ್ಚುಮದ್ದು ಫಿಟ್ಸ್ ಬರುವ ಸಂಭವವನ್ನು ಅರ್ಧಕ್ಕಿಂತಲೂ ಕೆಳಗಿಳಿಸುತ್ತದೆ ಎಂದು ತೋರಿಸಿತು. ಜಗಳೂರಿನಿಂದಲೋ ಮೊಳಕಾಲ್ಮೂರಿನಿಂದಲೋ ಜಿಲ್ಲಾ ಆಸ್ಪತ್ರೆಗೆ ಕಳಿಸುವ ಮುನ್ನವೇ ಮೊದಲ ಡೋಸ್ ಹಾಕಿ ಕಳಿಸುವ ಪದ್ಧತಿಯನ್ನು ವೈದ್ಯರು ಇಂದು ಧೈರ್ಯವಾಗಿ ಅನುಸರಿಸುವುದಕ್ಕೆ ಆ ಹೆಂಗಸರ ಒಪ್ಪಿಗೆ ಕಾರಣ.

### ಸಹಿ, ಸಾಕ್ಷಿ, ರಕ್ಷಣೆ

“ನಂಗೆ ಓದಾಕೆ ಬರಲ್ಲ. ಹೆಬ್ಬೆಟ್ಟು ಒತ್ತಿದ್ರೆ ಸಾಕಾ? ನಮ್ಮ ಯಜಮಾನ್ರು ಸಹಿ ಹಾಕಬೇಕಾ?”

ಹದಿನೆಂಟು ತುಂಬಿ, ತನ್ನ ತೀರ್ಮಾನವನ್ನು ತಾನೇ ಮಾಡಬಲ್ಲ ಹೆಂಗಸಿನ ಒಪ್ಪಿಗೆ ಅವಳದ್ದೇ. ಗಂಡನೊಡನೆ, ಅತ್ತೆಯೊಡನೆ ಮಾತನಾಡಿ ತೀರ್ಮಾನಿಸುವುದು ಅವಳ ಇಷ್ಟ; ಅವರ ಸಹಿ ಅವಳ ಸಹಿಗೆ ಬದಲಿಯಾಗುವುದಿಲ್ಲ. ಓದಲು ಬಾರದವರಿಗೆ ಮಾಹಿತಿ ಪತ್ರವನ್ನು ಅವರಿಗೆ ತಿಳಿಯುವ ಭಾಷೆಯಲ್ಲಿ ಪೂರ್ತಿ ಓದಿ ಹೇಳಬೇಕು, ಆ ಹೊತ್ತಿನಲ್ಲಿ ಸಂಶೋಧನಾ ತಂಡಕ್ಕೆ ಸೇರದ ಸಾಕ್ಷಿಯೊಬ್ಬರು ಉದ್ದಕ್ಕೂ ಇರಬೇಕು, ಅವರೂ ಸಹಿ ಮಾಡಬೇಕು. ಹೆಬ್ಬೆಟ್ಟಿನ ಗುರುತು ಇದೆಲ್ಲ ಆದ ಮೇಲಿನ ಮಾತು. ಪತ್ರದ ಒಂದು ಪ್ರತಿ ನಿಮ್ಮ ಕೈಗೆ ಬರಬೇಕು.

ಹೆರಿಗೆ ನೋವು ಏರಿದಾಗ ತೆಗೆದುಕೊಂಡ ಒಪ್ಪಿಗೆಗೆ ನನ್ನ ದೃಷ್ಟಿಯಲ್ಲಿ ಬೆಲೆ ಕಡಿಮೆ. ಹೆರಿಗೆಗೆ ಸಂಬಂಧಿಸಿದ ಅಧ್ಯಯನವಾದರೆ ಏಳೆಂಟು ತಿಂಗಳಿನಲ್ಲಿ ತಪಾಸಣೆಗೆ ಬಂದಾಗಲೇ ವಿವರಿಸಿ, ಮನೆಗೆ ಹೋಗಿ ಯೋಚಿಸಲು ಬಿಟ್ಟು, ನೋವು ಬಂದ ದಿನ ಮತ್ತೊಮ್ಮೆ ಚಿಕ್ಕದಾಗಿ ಕೇಳುವುದು ಸರಿಯಾದ ಕ್ರಮ.

ಒಪ್ಪಿಗೆಯ ವಿಷಯದಲ್ಲಿ ಅಸಡ್ಡೆಯಾದರೆ ಏನಾಗುತ್ತದೆ ಎಂಬುದನ್ನು ನಮ್ಮ ದೇಶ ಕಂಡಿದೆ. 2009ರಲ್ಲಿ ಆಗಿನ ಆಂಧ್ರಪ್ರದೇಶದ ಖಮ್ಮಂ ಜಿಲ್ಲೆಯಲ್ಲೂ ಗುಜರಾತಿನ ವಡೋದರಾದಲ್ಲೂ ಹತ್ತರಿಂದ ಹದಿನಾಲ್ಕು ವರ್ಷದ ಹೆಣ್ಣುಮಕ್ಕಳಿಗೆ ಗರ್ಭಕೊರಳಿನ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆಯನ್ನು ಒಂದು ಯೋಜನೆಯಡಿ ಹಾಕಲಾಯಿತು. ವಸತಿನಿಲಯಗಳಲ್ಲಿದ್ದ ಎಷ್ಟೋ ಮಕ್ಕಳ ಪರವಾಗಿ ತಂದೆತಾಯಿಗಳ ಬದಲು ವಾರ್ಡನ್‌ಗಳೂ ಮುಖ್ಯೋಪಾಧ್ಯಾಯರೂ ಸಹಿ ಹಾಕಿದ್ದು ಬೆಳಕಿಗೆ ಬಂದು, 2010ರ ಏಪ್ರಿಲ್‌ನಲ್ಲಿ ಯೋಜನೆ ನಿಂತಿತು, 2013ರಲ್ಲಿ ಸಂಸತ್ತಿನ ಸ್ಥಾಯಿ ಸಮಿತಿ ಕಟುವಾಗಿ ಟೀಕಿಸಿತು. ಆ ಅವಧಿಯಲ್ಲಿ ವರದಿಯಾದ ಸಾವುಗಳಿಗೆ ಲಸಿಕೆ ಕಾರಣವಲ್ಲವೆಂದು ತನಿಖೆ ಹೇಳಿದರೂ ಜನರ ಮನಸ್ಸಿನಲ್ಲಿ ಕೂತ ಅನುಮಾನ ಹೋಗಲಿಲ್ಲ. ಲಸಿಕೆಯ ಗುಣದ ಬಗ್ಗೆ ಇದ್ದ ಪ್ರಶ್ನೆಗಿಂತ ಸಹಿಯ ಬಗ್ಗೆ ಎದ್ದ ಪ್ರಶ್ನೆಯೇ ಅದಕ್ಕೆ ಹೆಚ್ಚು ಹಾನಿ ಮಾಡಿತು ಎಂದು ನನಗನ್ನಿಸುತ್ತದೆ.

“ಹೆಚ್ಚುಕಮ್ಮಿ ಆದ್ರೆ ಯಾರು ನೋಡ್ಕೊಂತಾರೆ? ಹೊಟ್ಟೆಯಲ್ಲಿರೋ ಮಗುವಿಗೆ ಏನಾದ್ರೂ ಆದ್ರೆ?”

ಹೊಸ ಔಷಧಿಗಳ ಪರೀಕ್ಷೆಗೆ 2019ರ ಹೊಸ ಔಷಧಗಳು ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳು ಅನ್ವಯವಾಗುತ್ತವೆ. ಪರೀಕ್ಷೆಯಲ್ಲಿದ್ದವರಿಗೆ ತೊಂದರೆಯಾದರೆ ಅಗತ್ಯವಿರುವವರೆಗೆ, ಅಥವಾ ಆ ತೊಂದರೆಗೂ ಪರೀಕ್ಷೆಗೂ ಸಂಬಂಧವಿಲ್ಲವೆಂದು ಖಚಿತವಾಗುವವರೆಗೆ, ಉಚಿತ ಚಿಕಿತ್ಸೆ ಕೊಡಬೇಕು. ಪರೀಕ್ಷೆಯಿಂದಲೇ ಆದ ಹಾನಿಗೆ ಪರಿಹಾರ ಕೊಡಬೇಕು. ತಾಯಿ ಅಥವಾ ತಂದೆ ಭಾಗವಹಿಸಿದ ಕಾರಣದಿಂದ ಗರ್ಭದಲ್ಲಿರುವ ಮಗುವಿಗೆ ಆದ ಹಾನಿಯೂ ಈ ನಿಯಮದ ವ್ಯಾಪ್ತಿಯಲ್ಲಿದೆ. ಗಂಭೀರ ತೊಂದರೆಯನ್ನು ವೈದ್ಯರು 24 ಗಂಟೆಯೊಳಗೆ ಔಷಧ ನಿಯಂತ್ರಣ ಪ್ರಾಧಿಕಾರಕ್ಕೂ, ಪರೀಕ್ಷೆಯ ಹೊಣೆ ಹೊತ್ತ ಪ್ರಾಯೋಜಕರಿಗೂ, ಅಧ್ಯಯನಕ್ಕೆ ಒಪ್ಪಿಗೆ ಕೊಡುವ ಎಥಿಕ್ಸ್ ಕಮಿಟಿಗೂ ತಿಳಿಸಬೇಕು. ಆ ಕಮಿಟಿಯಲ್ಲಿ ಕನಿಷ್ಠ ಏಳು ಮಂದಿ ಇರಬೇಕು, ಅರ್ಧದಷ್ಟು ಮಂದಿ ಆ ಸಂಸ್ಥೆಗೆ ಸೇರದವರಾಗಿರಬೇಕು; ಕಾನೂನು ಬಲ್ಲವರು, ವೈದ್ಯರಲ್ಲದ ಸಾಮಾನ್ಯ ನಾಗರಿಕರು ಮತ್ತು ಒಬ್ಬ ಮಹಿಳೆಯಾದರೂ ಇರಬೇಕು. ಮಾಹಿತಿ ಪತ್ರದಲ್ಲಿ ಸಂಶೋಧಕರ ಫೋನ್ ನಂಬರಿನ ಜೊತೆಗೆ ಕಮಿಟಿಯನ್ನು ಸಂಪರ್ಕಿಸುವ ವಿವರವೂ ಇದೆಯೇ ನೋಡಿ. ಇಲ್ಲದಿದ್ದರೆ ಬರೆಸಿಕೊಳ್ಳಿ.

ಬಸ್ ಖರ್ಚು, ಕೂಲಿ ಹೋದದ್ದಕ್ಕೆ ಹಣ ಕೊಡುವುದು ತಪ್ಪಲ್ಲ. ಅದು ಆಮಿಷದ ಮಟ್ಟಕ್ಕೆ ಹೋಗಬಾರದು, ಅಷ್ಟೆ.

“ಒಂದು ಗುಂಪಿಗೆ ಔಷಧಿ, ಇನ್ನೊಂದು ಗುಂಪಿಗೆ ಬರೀ ಗುಳಿಗೆ ಅಂತೆ. ಇದು ಮೋಸ ಅಲ್ವಾ?”

ಯಾರು ಯಾವ ಗುಂಪಿಗೆ ಎಂಬುದು ಚೀಟಿ ಎತ್ತಿದಂತೆ ತೀರ್ಮಾನವಾಗುತ್ತದೆ. ವೈದ್ಯರೇ ಆರಿಸಿದರೆ ಗಟ್ಟಿಯಾಗಿರುವವರು ಒಂದು ಕಡೆಗೂ ಸೋತವರು ಇನ್ನೊಂದು ಕಡೆಗೂ ಸೇರಿಬಿಡಬಹುದು. ಆಗ ಗುಣವಾದದ್ದು ಔಷಧಿಯಿಂದಲೋ ಮೊದಲೇ ಇದ್ದ ಶಕ್ತಿಯಿಂದಲೋ ತಿಳಿಯುವುದಿಲ್ಲ. ಔಷಧಿಯಿಲ್ಲದ ಗುಳಿಗೆ ಕೊಡುವ, ಇಲ್ಲವೇ ಏನನ್ನೂ ಕೊಡದ ಹೋಲಿಕೆಯ ಗುಂಪಿನ ವಿಚಾರ ಇದಕ್ಕಿಂತ ಸೂಕ್ಷ್ಮವಾದದ್ದು, ಅದಕ್ಕೆ ಎರಡು ನಿಜವಾದ ಉದಾಹರಣೆ ಕೊಡುತ್ತೇನೆ.

ಮೊದಲನೆಯದು ಬೆಳಗಾವಿ ಜಿಲ್ಲೆಯದು. ಹಳ್ಳಿಗಳಲ್ಲಿ ಎಎನ್‌ಎಂಗಳು (ಕಿರಿಯ ಆರೋಗ್ಯ ಸಹಾಯಕಿಯರು) ಹೆರಿಗೆ ಮಾಡಿಸುತ್ತಿದ್ದ ಕಡೆ, ಮಗು ಹುಟ್ಟಿದ ತಕ್ಷಣ ತಾಯಿಗೆ ಮಿಸೊಪ್ರೊಸ್ಟಾಲ್ ಮಾತ್ರೆ ಕೊಟ್ಟರೆ ರಕ್ತಸ್ರಾವ ಕಡಿಮೆಯಾಗುತ್ತದೆಯೇ ಎಂದು 1,620 ಹೆಂಗಸರಲ್ಲಿ ಪರೀಕ್ಷಿಸಲಾಯಿತು. 2006ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಹೆರಿಗೆಯ ನಂತರದ ಅತಿರಕ್ತಸ್ರಾವ ಬರೀ ಗುಳಿಗೆಯ ಗುಂಪಿನಲ್ಲಿ ಶೇ. 12 ಇದ್ದದ್ದು ಔಷಧಿಯ ಗುಂಪಿನಲ್ಲಿ ಶೇ. 6.4 ಆಯಿತು. ರಕ್ತಸ್ರಾವ ತಡೆಯಲು ಕೊಡುವ, ತಂಪಿನಲ್ಲಿ ಕಾಪಾಡಬೇಕಾದ ಆಕ್ಸಿಟೋಸಿನ್ ಚುಚ್ಚುಮದ್ದು ಆ ಹೆರಿಗೆಗಳಿಗೆ ಲಭ್ಯವಿರಲಿಲ್ಲ, ಹಾಗಾಗಿ ಯಾರಿಗೂ ಸಿಗುತ್ತಿದ್ದ ಚಿಕಿತ್ಸೆಯನ್ನು ತಪ್ಪಿಸಲಿಲ್ಲ. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಉಪಯೋಗಕ್ಕಾಗಿ ಮಿಸೊಪ್ರೊಸ್ಟಾಲನ್ನು ಅತ್ಯಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು.

ಎರಡನೆಯದರ ಬಗ್ಗೆ ನನಗೆ ಅಷ್ಟು ಸಮಾಧಾನವಿಲ್ಲ. ಗರ್ಭಕೊರಳಿನ ಕ್ಯಾನ್ಸರ್ ತಪಾಸಣೆಯ ಕುರಿತು ಮುಂಬೈ, ಮಹಾರಾಷ್ಟ್ರದ ಉಸ್ಮಾನಾಬಾದ್ ಮತ್ತು ತಮಿಳುನಾಡಿನ ದಿಂಡಿಗಲ್‌ಗಳಲ್ಲಿ ಬಹುದೊಡ್ಡ ಅಧ್ಯಯನಗಳು ನಡೆದವು. ಮುಂಬೈನದರಲ್ಲಿ, ಗರ್ಭಕೊರಳಿಗೆ ದುರ್ಬಲ ಅಸಿಟಿಕ್ ಆಮ್ಲ ಹಚ್ಚಿ ಬರಿಗಣ್ಣಿನಿಂದ ನೋಡುವ ಸರಳ ವಿಧಾನವು ಸಾವನ್ನು ಶೇ. 31ರಷ್ಟು ತಗ್ಗಿಸುತ್ತದೆ ಎಂದು ಕಂಡುಬಂದಿತು. ಆದರೆ ಮೂರೂ ಕಡೆ ಹೋಲಿಕೆಯ ಗುಂಪಿನಲ್ಲಿದ್ದ ಹೆಂಗಸರಿಗೆ ತಪಾಸಣೆ ನಡೆಯಲಿಲ್ಲ, ಆ ಗುಂಪುಗಳಲ್ಲಿ ಒಟ್ಟು 254 ಮಂದಿ ಈ ಕ್ಯಾನ್ಸರಿನಿಂದ ಸತ್ತರು. ದೇಶದಲ್ಲಿ ಆಗ ತಪಾಸಣೆಯ ವ್ಯವಸ್ಥೆಯೇ ಇರಲಿಲ್ಲವೆಂದು ಸಂಶೋಧಕರು ವಾದಿಸಿದರು. ತಪಾಸಣೆಯಿಂದ ಜೀವ ಉಳಿಯುತ್ತದೆಂಬುದು ಬೇರೆ ದೇಶಗಳಲ್ಲಿ ದಶಕಗಳ ಹಿಂದೆಯೇ ತಿಳಿದಿತ್ತೆಂದು ಟೀಕಾಕಾರರು ಹೇಳಿದರು. ನನ್ನ ಮನಸ್ಸು ಟೀಕಾಕಾರರ ಕಡೆಗೆ ವಾಲುತ್ತದೆ. ಹೋಲಿಕೆಯ ಗುಂಪಿಗೆ ಏನು ಸಿಗುತ್ತದೆ ಎಂಬುದನ್ನು ಸೇರುವ ಮುನ್ನ ಬಿಡಿಸಿ ಕೇಳಿ ಎಂದು ನಾನು ಒತ್ತಿ ಹೇಳುವುದು ಈ ಕಾರಣಕ್ಕೆ.

### ಕಾಯಿಲೆಗಳ ಬಗ್ಗೆ

“ಪಿಸಿಓಡಿ ಐತೆ, ಮಕ್ಕಳಾಗಲಿ ಅಂತ ಕೊಟ್ಟ ಮಾತ್ರೆ ನೆಟ್ಟಿನಾಗೆ ನೋಡಿದ್ರೆ ಕ್ಯಾನ್ಸರ್ ಮಾತ್ರೆ ಅಂತ ಬರ್ತೈತೆ!”

ಅಂಡ ಸರಿಯಾಗಿ ಬಿಡುಗಡೆಯಾಗದ ಪಿಸಿಓಡಿಗೆ ಕೊಟ್ಟ ಆ ಮಾತ್ರೆ ಬಹುಶಃ ಲೆಟ್ರೊಜೋಲ್. ಸ್ತನ ಕ್ಯಾನ್ಸರಿಗೆ ಬಳಸುವ ಮಾತ್ರೆ ಎಂಬುದು ನಿಜ. ಅದು ಈಸ್ಟ್ರೋಜನ್ ಎಂಬ ಸ್ತ್ರೀ ಹಾರ್ಮೋನಿನ ತಯಾರಿಕೆಯನ್ನು ತಡೆಯುತ್ತದೆ. ಈಸ್ಟ್ರೋಜನ್ ಇಳಿದಾಗ ಮೆದುಳು ಅಂಡಾಶಯವನ್ನು ಪ್ರಚೋದಿಸುವ ಹಾರ್ಮೋನನ್ನು ಹೆಚ್ಚಿಸುವುದರಿಂದ, ಐದು ದಿನಗಳ ಸಣ್ಣ ಪ್ರಮಾಣದಲ್ಲಿ ಕೊಟ್ಟರೆ ಅಂಡ ಬಿಡುಗಡೆಯಾಗಲು ನೆರವಾಗುತ್ತದೆ.

ಈ ಮಾತ್ರೆಯ ಕಥೆ ಸಂಶೋಧನೆ ಹೇಗೆ ದಾರಿ ಬದಲಿಸುತ್ತದೆ ಎಂಬುದನ್ನು ಚೆನ್ನಾಗಿ ತೋರಿಸುತ್ತದೆ. 2005ರಲ್ಲಿ ಸಮ್ಮೇಳನವೊಂದರಲ್ಲಿ ಮಂಡಿಸಿದ ಸಣ್ಣ ವರದಿಯೊಂದು ಇದರಿಂದ ಮಕ್ಕಳಲ್ಲಿ ಊನ ಬರಬಹುದೆಂದು ಸಂಶಯ ಎಬ್ಬಿಸಿತು. ಮರುವರ್ಷ ಕೆನಡಾದಲ್ಲಿ 911 ನವಜಾತ ಶಿಶುಗಳನ್ನು ಪರಿಶೀಲಿಸಿದಾಗ, ಹಳೆಯ ಮಾತ್ರೆಯಾದ ಕ್ಲೋಮಿಫೀನ್‌ಗಿಂತ ಲೆಟ್ರೊಜೋಲಿನಿಂದ ಊನ ಹೆಚ್ಚೆಂದು ಕಾಣಲಿಲ್ಲ. ಆದರೂ ಭಾರತದಲ್ಲಿ 2011ರ ಅಕ್ಟೋಬರ್‌ನಲ್ಲಿ ಬಂಜೆತನದ ಚಿಕಿತ್ಸೆಗೆ ಇದನ್ನು ನಿಷೇಧಿಸಲಾಯಿತು. 2014ರಲ್ಲಿ ಅಮೆರಿಕದಲ್ಲಿ ಪಿಸಿಓಎಸ್ (ಪಿಸಿಓಡಿಯ ಇನ್ನೊಂದು ಹೆಸರು) ಇರುವ 750 ಹೆಂಗಸರ ಅಧ್ಯಯನ ಪ್ರಕಟವಾಯಿತು: ಲೆಟ್ರೊಜೋಲ್ ತೆಗೆದುಕೊಂಡವರಲ್ಲಿ ಶೇ. 27.5 ಮಂದಿಗೆ, ಕ್ಲೋಮಿಫೀನ್ ತೆಗೆದುಕೊಂಡವರಲ್ಲಿ ಶೇ. 19.1 ಮಂದಿಗೆ ಜೀವಂತ ಮಗು ಹುಟ್ಟಿತ್ತು. 2017ರಲ್ಲಿ ಇಲ್ಲಿಯ ನಿಷೇಧ ತೆರವಾಯಿತು. ಇಂದು ಅಂತರರಾಷ್ಟ್ರೀಯ ಮಾರ್ಗಸೂಚಿಯಲ್ಲಿ ಅಂಡ ಬಿಡುಗಡೆಗೆ ಮೊದಲ ಆಯ್ಕೆಯ ಮಾತ್ರೆ ಇದೇ. ಬಸುರಿಲ್ಲವೆಂದು ಖಚಿತಪಡಿಸಿಕೊಂಡೇ ಪ್ರತಿ ತಿಂಗಳು ಶುರುಮಾಡಬೇಕು ಎಂಬ ಎಚ್ಚರ ಮಾತ್ರ ಹಾಗೆಯೇ ಉಳಿದಿದೆ.

“ಮುಟ್ಟಿನಾಗೆ ರಕ್ತ ಬಾಳ ಹೋಗ್ತೈತೆ. ಮಕ್ಕಳಾಗಿದಾವಲ್ಲ, ಗರ್ಭಕೋಶ ತೆಗೆಸಿಬಿಡಿ ಅಂದ್ರು. ಬೇರೆ ದಾರಿ ಇಲ್ವಾ?”

ಇದೆ, ಅದನ್ನು ಅಧ್ಯಯನಗಳೇ ತೋರಿಸಿವೆ. ಬ್ರಿಟನ್ನಿನಲ್ಲಿ 571 ಹೆಂಗಸರ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಎಕ್ಲಿಪ್ಸ್ ಅಧ್ಯಯನದಲ್ಲಿ ಅರ್ಧದಷ್ಟು ಮಂದಿಗೆ ಟ್ರಾನೆಕ್ಸಾಮಿಕ್ ಆಮ್ಲ, ಮೆಫೆನಾಮಿಕ್ ಆಮ್ಲ, ಹಾರ್ಮೋನ್ ಮಾತ್ರೆ ಮುಂತಾದ ರೂಢಿಯ ಔಷಧಿಗಳನ್ನೂ ಉಳಿದವರಿಗೆ ಗರ್ಭಕೋಶದೊಳಗೆ ಇರಿಸುವ ಹಾರ್ಮೋನ್ ಸಾಧನವನ್ನೂ (ಹಾರ್ಮೋನ್ ವಂಕಿ) ಕೊಟ್ಟು ಎರಡು ವರ್ಷ ಗಮನಿಸಲಾಯಿತು. ಎರಡೂ ಗುಂಪಿನವರು ಸುಧಾರಿಸಿದರು, ಸಾಧನ ಹಾಕಿಸಿಕೊಂಡವರ ದೈನಂದಿನ ಬದುಕು ಹೆಚ್ಚು ಸುಧಾರಿಸಿತು. ವಂಕಿ ಎಂದೊಡನೆ ಕಾಪರ್-ಟಿಯನ್ನು ನೆನೆದು ಹೆದರುವವರಿದ್ದಾರೆ. ಕಾಪರ್-ಟಿ ರಕ್ತಸ್ರಾವವನ್ನು ಹೆಚ್ಚಿಸಬಲ್ಲದು, ಇದು ಕಡಿಮೆ ಮಾಡುತ್ತದೆ.

ಕ್ಯಾನ್ಸರ್, ಬಹಳ ದೊಡ್ಡ ಗಡ್ಡೆ, ಔಷಧಿಗೆ ಜಗ್ಗದ ರಕ್ತಸ್ರಾವ ಇದ್ದಾಗ ಗರ್ಭಕೋಶ ತೆಗೆಯುವುದು ಸರಿಯಾದ ಚಿಕಿತ್ಸೆಯೇ. ಆದರೆ ಮೂವತ್ತೈದರ ಆಸುಪಾಸಿನ, ಹೊಲದ ಕೆಲಸಕ್ಕೆ ಹೋಗುವ ಹೆಂಗಸಿಗೆ ಬರೀ ಬಿಳಿಸೆರಗಿಗೆ ಅಥವಾ ನಡುನೋವಿಗೆ ಅದನ್ನು ಸೂಚಿಸಿದರೆ ಎರಡನೆಯ ವೈದ್ಯರ ಅಭಿಪ್ರಾಯ ಪಡೆಯಲೇಬೇಕು. ಜೊತೆಗೆ ಅಂಡಾಶಯಗಳನ್ನೂ ತೆಗೆದರೆ ಮೂಳೆ ಸವೆತ, ಹೃದ್ರೋಗಗಳ ಅಪಾಯ ಏರುತ್ತದೆ. ಅನಗತ್ಯವಾಗಿ ಗರ್ಭಕೋಶ ತೆಗೆಯುವುದನ್ನು ತಡೆಯಲು ಕೇಂದ್ರ ಸರ್ಕಾರ 2022ರಲ್ಲಿ ಮಾರ್ಗಸೂಚಿ ಹೊರಡಿಸಿತು, 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ರಾಜ್ಯಗಳು ಅದನ್ನು ಮೂರು ತಿಂಗಳೊಳಗೆ ಜಾರಿಗೆ ತರಬೇಕೆಂದು ಆದೇಶಿಸಿತು.

“ಎಚ್‌ಪಿವಿ ಲಸಿಕೆ ಮೊದಲು ಮೂರು ಡೋಸ್ ಅಂದ್ರು, ಈಗ ಒಂದೇ ಸಾಕು ಅಂತಾರೆ. ಯಾವುದು ನಿಜ?”

ಮೂರು ಡೋಸಿಗೂ ಎರಡು ಡೋಸಿಗೂ ಹೋಲಿಕೆ ಮಾಡಲು ಭಾರತದ ಹಲವು ಕೇಂದ್ರಗಳಲ್ಲಿ 2009ರಲ್ಲಿ ಒಂದು ಬೇರೆಯೇ ಅಧ್ಯಯನ ಶುರುವಾಗಿತ್ತು. ತಂದೆತಾಯಿಗಳ ಸಹಿಯಿಲ್ಲದೆ ಲಸಿಕೆ ಹಾಕಿದ ಖಮ್ಮಂ ಪ್ರಕರಣದ ಬೆನ್ನಿಗೆ ಲಸಿಕೆಯ ಎಲ್ಲ ಅಧ್ಯಯನಗಳನ್ನೂ ನಿಲ್ಲಿಸಿದಾಗ, 17,000ಕ್ಕೂ ಹೆಚ್ಚು ಹುಡುಗಿಯರಲ್ಲಿ ಸುಮಾರು 5,000 ಮಂದಿ ಒಂದೇ ಡೋಸ್ ಪಡೆದು ಉಳಿದಿದ್ದರು. ಸಂಶೋಧಕರು ಅವರನ್ನು ಕೈಬಿಡದೆ ವರ್ಷಗಟ್ಟಲೆ ಗಮನಿಸಿದರು. ಹತ್ತು ವರ್ಷಗಳ ನಂತರ ನೋಡಿದಾಗ ಈ ಕ್ಯಾನ್ಸರಿಗೆ ಮುಖ್ಯ ಕಾರಣವಾದ ಎಚ್‌ಪಿವಿ ವೈರಸ್ಸಿನ 16 ಮತ್ತು 18ನೇ ಬಗೆಗಳ ಹಟಮಾರಿ ಸೋಂಕಿನಿಂದ ಒಂದು ಡೋಸ್ ಕೊಟ್ಟ ರಕ್ಷಣೆ ಶೇ. 95ರಷ್ಟಿತ್ತು, ಎರಡು ಮೂರು ಡೋಸ್ ಪಡೆದವರಿಗೆ ಸರಿಸಮ. ಯೋಜಿಸದೆ ಒದಗಿದ ಈ ಮಾಹಿತಿ, ಬೇರೆ ದೇಶಗಳ ಅಧ್ಯಯನಗಳ ಜೊತೆ ಸೇರಿ, ಒಂದೇ ಡೋಸನ್ನು ಒಪ್ಪಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ 2022ರ ಡಿಸೆಂಬರ್‌ನಲ್ಲಿ ಹೇಳಲು ಆಧಾರವಾಯಿತು. ರೋಗನಿರೋಧಕ ಶಕ್ತಿ ಕುಂದಿದವರಿಗೆ ಒಂದು ಡೋಸ್ ಸಾಲದು.

### ಅಧ್ಯಯನ ಮಾಡುವವರು, ಓದುವವರು ಕೇಳುವವು

“ನಾವು ನರ್ಸಿಂಗ್ ವಿದ್ಯಾರ್ಥಿನಿಯರು. ಚಳ್ಳಕೆರೆ ಕಡೆಯ ಹಟ್ಟಿಗಳಲ್ಲಿ ಮುಟ್ಟಿನ ಬಗ್ಗೆ ಸರ್ವೆ ಮಾಡಬೇಕು. ಹೇಗೆ ಕೇಳೋದು?”

ಕಾಡುಗೊಲ್ಲರ ಕೆಲವು ಹಟ್ಟಿಗಳಲ್ಲಿ ಮುಟ್ಟಾದವರೂ ಬಾಣಂತಿಯರೂ ಹಟ್ಟಿಯಿಂದ ಹೊರಗೆ ಇರುವ ರೂಢಿ ಇಂದಿಗೂ ಉಳಿದಿದೆ. ಆ ರೂಢಿ ಸರಿಯೋ ತಪ್ಪೋ ಎಂಬ ನಿಮ್ಮ ಅಭಿಪ್ರಾಯವನ್ನು ಪ್ರಶ್ನಾವಳಿಯೊಳಗೆ ತರಬೇಡಿ. “ಇನ್ನೂ ಹೊರಗೆ ಕೂರುತ್ತೀರಾ?” ಎಂಬ ಪ್ರಶ್ನೆಗೆ ಬರುವ ಉತ್ತರ ನಿಮ್ಮನ್ನು ಮೆಚ್ಚಿಸಲು ಹೇಳಿದ್ದಾಗಿರುತ್ತದೆ, “ಕಳೆದ ಸಲ ಮುಟ್ಟಾದಾಗ ರಾತ್ರಿ ಎಲ್ಲಿ ಮಲಗಿದ್ದಿರಿ?” ಎಂದರೆ ನಡೆದದ್ದು ತಿಳಿಯುತ್ತದೆ. ಅತ್ತೆಯ ಎದುರು ಸೊಸೆಯನ್ನು ಕೇಳಬೇಡಿ. ಹಟ್ಟಿಯ ಹಿರಿಯರ ಅನುಮತಿ ಹಟ್ಟಿಯೊಳಗೆ ಹೋಗಲು ಬೇಕು, ಆದರೆ ಅದು ಒಬ್ಬೊಬ್ಬ ಹೆಂಗಸಿನ ಒಪ್ಪಿಗೆಯ ಬದಲಿಗೆ ಬರುವುದಿಲ್ಲ.

ತಾರೀಖು ಕೇಳಿದರೆ ಸಿಗುವುದು ಕಷ್ಟ. ಯುಗಾದಿ ಅಮಾವಾಸ್ಯೆಗೆ ಮುಂಚೆಯೋ ಆಮೇಲೋ, ನಾಯಕನಹಟ್ಟಿ ಜಾತ್ರೆ ಮುಗಿದು ಎಷ್ಟು ದಿನಕ್ಕೆ ಎಂದು ಕೇಳಿ, ಪಂಚಾಂಗ ಇಟ್ಟುಕೊಂಡು ದಿನಾಂಕಕ್ಕೆ ತನ್ನಿ. ಗರ್ಭದ ವಾರಗಳನ್ನು ಲೆಕ್ಕ ಹಾಕುವ ಅಧ್ಯಯನವಾದರೆ ಇದೂ ಸಾಲದು. ಮೊದಲ ಮೂರು ತಿಂಗಳೊಳಗಿನ ಸ್ಕ್ಯಾನಿಂಗ್ ಸುಮಾರು ಒಂದು ವಾರದೊಳಗಿನ ನಿಖರತೆ ಕೊಡುತ್ತದೆ. ಏಳನೇ ತಿಂಗಳಿನ ಸ್ಕ್ಯಾನಿಂಗ್‌ನಿಂದ ಹಿಂದಕ್ಕೆ ಎಣಿಸಿದರೆ ಅವಧಿಗೆ ಮುನ್ನ ಹುಟ್ಟಿದ ಮಗುವೋ, ತುಂಬಿದ ದಿನಕ್ಕೆ ಹುಟ್ಟಿಯೂ ಸಣ್ಣದಾದ ಮಗುವೋ ಎಂಬ ವಿಂಗಡಣೆಯೇ ಕೆಡುತ್ತದೆ.

“ನೂರು ಜನರ ಥೀಸಿಸ್ಸಿನಲ್ಲಿ ಒಂದು ಔಷಧಿ ಮೇಲು ಎಂದು ಬರೆದಿದ್ದರೆ ನಂಬಬಹುದೇ?”

ಏನನ್ನು ಅಳೆದಿದ್ದಾರೆ ಎಂಬುದರ ಮೇಲೆ ನಿಂತಿದೆ. ರಕ್ತಹೀನತೆಯ ಬಸುರಿಯರಿಗೆ ಡ್ರಿಪ್ ಮೂಲಕ ಕೊಡುವ ಎರಡು ಬಗೆಯ ಕಬ್ಬಿಣಾಂಶಗಳಲ್ಲಿ ಯಾವುದು ಹಿಮೋಗ್ಲೋಬಿನ್ನನ್ನು ಬೇಗ ಏರಿಸುತ್ತದೆ ಎಂಬುದನ್ನು ನೂರು ಜನರಲ್ಲಿ ಕಾಣಬಹುದು. ಅದರಿಂದ ತಾಯಿಯ ಜೀವ ಉಳಿಯಿತೇ, ಮಗುವಿನ ತೂಕ ಹೆಚ್ಚಿತೇ ಎಂಬುದಕ್ಕೆ ಅಷ್ಟು ಜನ ಏನೇನೂ ಸಾಲರು. ಹೆರಿಗೆಯ ನಂತರದ ರಕ್ತಸ್ರಾವಕ್ಕೆ ಟ್ರಾನೆಕ್ಸಾಮಿಕ್ ಆಮ್ಲ ಕೊಟ್ಟು ನೋಡಿದ ವುಮನ್ ಅಧ್ಯಯನ, 2017ರದು, 20,060 ಹೆಂಗಸರನ್ನು ಒಳಗೊಂಡಿತ್ತು. ರಕ್ತಸ್ರಾವದಿಂದಾದ ಸಾವು ಶೇ. 1.9ರಿಂದ 1.5ಕ್ಕೆ ಇಳಿಯಿತು, ಮೂರು ಗಂಟೆಯೊಳಗೆ ಕೊಟ್ಟವರಲ್ಲಿ 1.7ರಿಂದ 1.2ಕ್ಕೆ. ನೂರು ಜನರಲ್ಲಿ ಈ ವ್ಯತ್ಯಾಸ ಕಣ್ಣಿಗೇ ಬೀಳುತ್ತಿರಲಿಲ್ಲ.

“ಮುಟ್ಟು ನಿಂತ ಮೇಲೆ ಕೊಡುವ ಹಾರ್ಮೋನಿನಿಂದ ಸ್ತನ ಕ್ಯಾನ್ಸರ್ ಶೇ. 26 ಹೆಚ್ಚುತ್ತದೆ ಎಂದು ಓದಿದೆ. ಅಂದರೆ ನೂರರಲ್ಲಿ 26 ಮಂದಿಗೆ ಬರುತ್ತದೆಯೇ?”

ಇಲ್ಲ. ಅಮೆರಿಕದಲ್ಲಿ 16,608 ಹೆಂಗಸರ ಮೇಲೆ ನಡೆಯುತ್ತಿದ್ದ ಅಧ್ಯಯನವನ್ನು 2002ರಲ್ಲಿ ಅರ್ಧಕ್ಕೇ ನಿಲ್ಲಿಸಿದಾಗ ಬಂದ ಸಂಖ್ಯೆ ಇದು. ಹಾರ್ಮೋನ್ ತೆಗೆದುಕೊಳ್ಳದ 10,000 ಮಂದಿಯಲ್ಲಿ ವರ್ಷಕ್ಕೆ 30 ಜನರಿಗೆ ಸ್ತನ ಕ್ಯಾನ್ಸರ್ ಬರುತ್ತಿದ್ದರೆ, ಈಸ್ಟ್ರೋಜನ್ ಮತ್ತು ಪ್ರೊಜೆಸ್ಟಿನ್ ಎಂಬ ಎರಡು ಹಾರ್ಮೋನುಗಳನ್ನೂ ತೆಗೆದುಕೊಂಡ 10,000 ಮಂದಿಯಲ್ಲಿ 38 ಜನರಿಗೆ ಬಂತು. ಮೂವತ್ತಕ್ಕೆ ಎಂಟನ್ನು ಹೋಲಿಸಿದರೆ ಸುಮಾರು ಶೇ. 26, ಹತ್ತು ಸಾವಿರಕ್ಕೆ ಹೋಲಿಸಿದರೆ ಎಂಟೇ. ಭಾಗವಹಿಸಿದವರ ಸರಾಸರಿ ವಯಸ್ಸು 63 ಆಗಿದ್ದರಿಂದ, ನಲವತ್ತೇಳಕ್ಕೆ ಮುಟ್ಟು ನಿಂತು ಮೈಬಿಸಿಯಿಂದ ನಿದ್ದೆಗೆಟ್ಟಿರುವವರಿಗೆ ಆ ಫಲಿತಾಂಶವನ್ನು ಹಾಗೆಯೇ ಅನ್ವಯಿಸಲಾಗದು. ಶೇಕಡಾವಾರು ಕಂಡಾಗಲೆಲ್ಲ ಅದು ಯಾವುದರ ಶೇಕಡಾ, ಎಷ್ಟು ಮಂದಿಯಲ್ಲಿ, ಎಷ್ಟು ವರ್ಷದಲ್ಲಿ ಎಂದು ಕೇಳಿಕೊಳ್ಳಬೇಕು.

“ಅಧ್ಯಯನ ಮುಗಿದ ಮೇಲೆ ಫಲಿತಾಂಶ ನಮಗ್ಯಾಕೆ ಹೇಳಲ್ಲ? ನಾವೇ ಹುಡುಕಬಹುದಾ?”

ಹೇಳಬೇಕು, ಹೇಳುವವರು ಕಡಿಮೆ. ಹುಡುಕಲು ಒಂದು ದಾರಿ ಇದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2007ರಲ್ಲಿ ಆರಂಭಿಸಿದ ಕ್ಲಿನಿಕಲ್ ಟ್ರಯಲ್ ನೋಂದಣಿ ಪುಟ, ಅಂದರೆ ಸಿಟಿಆರ್‌ಐ, ಎಲ್ಲರಿಗೂ ತೆರೆದಿದೆ, ಶುಲ್ಕವಿಲ್ಲ. ಔಷಧಿಯ ಪರೀಕ್ಷೆಗಳಿಗೆ 2009ರಿಂದ ನೋಂದಣಿ ಕಡ್ಡಾಯ. 2018ರ ಏಪ್ರಿಲ್‌ನಿಂದ ಮೊದಲ ವ್ಯಕ್ತಿಯನ್ನು ಸೇರಿಸಿಕೊಳ್ಳುವ ಮುನ್ನವೇ ನೋಂದಾಯಿಸಬೇಕು. ಯಾವ ಆಸ್ಪತ್ರೆ, ಎಷ್ಟು ಜನ, ಮುಖ್ಯವಾಗಿ ಏನನ್ನು ಅಳೆಯುತ್ತಾರೆ, ಯಾವ ಎಥಿಕ್ಸ್ ಕಮಿಟಿ ಒಪ್ಪಿತು ಎಂಬುದೆಲ್ಲ ಅಲ್ಲಿರುತ್ತದೆ. ಮಗುವಿನ ತೂಕ ಅಳೆಯುತ್ತೇವೆಂದು ನೋಂದಾಯಿಸಿ, ಅದರಲ್ಲಿ ವ್ಯತ್ಯಾಸ ಕಾಣದಿದ್ದಾಗ ಬೇರೊಂದು ಅಳತೆಯನ್ನು ಮುಂದೆ ಮಾಡಿ ಪ್ರಕಟಿಸಿದರೆ ಹಳೆಯ ನಮೂದೇ ಅದನ್ನು ಹೊರಗೆಡಹುತ್ತದೆ.

ಪುಟ ಇಂಗ್ಲಿಷಿನಲ್ಲಿದೆ, ಹಾಗಾಗಿ ಮನೆಯಲ್ಲಿ ಓದುವ ಮಕ್ಕಳ ನೆರವು ಬೇಕಾಗಬಹುದು. ನೋಂದಣಿ ಸಂಖ್ಯೆ ‘ಸಿಟಿಆರ್‌ಐ’ ಎಂದು ಶುರುವಾಗಿ ವರ್ಷ, ತಿಂಗಳು ಮತ್ತು ಕ್ರಮಾಂಕದಿಂದ ಕೂಡಿರುತ್ತದೆ. ಅಧ್ಯಯನ ಮುಗಿದು ಬರಹ ಹೊರಬರುವ ಹೊತ್ತಿಗೆ ಪಿಜಿ ವೈದ್ಯರು ಬೇರೆ ಊರಿಗೆ ಹೋಗಿರುತ್ತಾರೆ. ಅದಕ್ಕೇ ಸೇರುವ ದಿನವೇ ಆ ಸಂಖ್ಯೆಯನ್ನು ಕೇಳಿ ತಾಯಿ ಕಾರ್ಡಿನ ಹಿಂಬದಿಯಲ್ಲಿ ಬರೆಸಿಕೊಳ್ಳಿ.